ಶಿಸ್ತಿನ ಹುಡುಗಿ ಅಂತ ಎಲ್ಲರೂ ಹೊಗಳಿದರು, ಈಗ ಅವಳ ಕೈ ನೋಡಿದರೆ ಭಯವಾಗುತ್ತದೆ

ತುಮಕೂರಿನ ಅಮ್ಮ
11 ಆಗಸ್ಟ್ 2021, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಮನೆಯಲ್ಲಿ ಹೇಳಿದರೆ ‘ನೀನು ಸುಮ್ನೆ ತಲೆ ಕೆಡಿಸಿಕೊಳ್ತೀಯ’ ಅಂತಾರೆ.

ಮಗಳಿಗೆ ಹದಿನಾರು. ಮೊನ್ನೆ ಒಂಬತ್ತಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಒಳ್ಳೆ ಅಂಕ ಬಂದಿದೆ. ಅವಳು ನೋಡಿದಳು, ಫೋನ್ ಕೆಳಗಿಟ್ಟಳು, ಕೈ ತೊಳೆಯಲು ಎದ್ದು ಹೋದಳು. ನಾನೂ ಹಿಂದೆ ಹೋಗಿ ನಿಂತೆ. ಫೋನ್ ಮುಟ್ಟಿದ್ದಕ್ಕೆ ಒಂದು ಸಲ, ನಲ್ಲಿ ಮುಟ್ಟಿದ್ದಕ್ಕೆ ಇನ್ನೊಂದು ಸಲ. ಮಧ್ಯೆ ಎಣಿಕೆ ತಪ್ಪಿತು ಅಂತ ಮತ್ತೆ ಮೊದಲಿನಿಂದ.

ಇದು ಶುರುವಾದದ್ದು ಹೋದ ವರ್ಷ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ. ಆಗ ಎಲ್ಲರೂ ತೊಳೆಯುತ್ತಿದ್ದೆವು ಅಲ್ವಾ? ಹಾಲಿನ ಪ್ಯಾಕೆಟ್ ಸೋಪಿನಲ್ಲಿ, ಸೊಪ್ಪು ಉಪ್ಪುನೀರಿನಲ್ಲಿ. ಆ ಉಸ್ತುವಾರಿ ಅವಳದೇ ಆಯಿತು. ನನಗೂ ಹಾಯೆನಿಸಿತು. ಅತ್ತೆಯವರಂತೂ ‘ನನ್ನ ಮಡಿ ನೋಡಿ ನಗ್ತಿದ್ದಳು, ಈಗ ನನ್ನನ್ನೇ ಮೀರಿಸಿದ್ದಾಳೆ’ ಅಂತ ಫೋನಿನಲ್ಲಿ ಎಲ್ಲರಿಗೂ ಹೇಳಿ ಖುಷಿಪಟ್ಟರು. ಬೆಳಿಗ್ಗೆ ಕಷಾಯ, ಯೂಟ್ಯೂಬ್ ನೋಡಿ ವ್ಯಾಯಾಮ. ಸಕ್ಕರೆ ಬಿಟ್ಟಳು. ಕರಿದದ್ದು ಬಿಟ್ಟಳು. ಆಮೇಲೆ ರಾತ್ರಿ ಊಟವನ್ನೂ ಬಿಟ್ಟಳು. ಪ್ರತಿ ಹೆಜ್ಜೆಗೂ ನಾವು ‘ಭೇಷ್’ ಅಂದೆವು.

ಈ ವರ್ಷ ಎರಡನೇ ಅಲೆಯಲ್ಲಿ ನನ್ನ ಅಣ್ಣ ಹೋದರು. ಹನ್ನೊಂದು ದಿನ ಆಸ್ಪತ್ರೆ. ಮುಖ ನೋಡಲೂ ಆಗಲಿಲ್ಲ. ಅದೇ ವಾರ ನಾನೂ ಹಾಸಿಗೆ ಹಿಡಿದೆ. ಅಡುಗೆ, ಅಜ್ಜಿಯ ಬಿಪಿ ಮಾತ್ರೆ, ತಮ್ಮನ ಆನ್‌ಲೈನ್ ಕ್ಲಾಸು ಎಲ್ಲವನ್ನೂ ಅವಳೇ ತೂಗಿಸಿದಳು. ಮಾವ ಅಂದರೆ ಪ್ರಾಣ ಅವಳಿಗೆ. ಒಂದು ಹನಿ ಅಳಲಿಲ್ಲ.

ಈಗ ಅವಳ ಬೆರಳಿನ ಗೆಣ್ಣು ಒಡೆದು ರಕ್ತ ಬರುತ್ತಿದೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಂದು ನನ್ನ ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವುದು) ಹಾಕಿ ನೋಡುತ್ತಾಳೆ. ನನಗೆ ನಿದ್ದೆ ಅಂತ ಅವಳು ಅಂದುಕೊಂಡಿದ್ದಾಳೆ. ನಾನೂ ಕಣ್ಣು ಬಿಡುವುದಿಲ್ಲ.

ಇದು ಅಭ್ಯಾಸವಾ, ಕಾಯಿಲೆಯಾ? ಎಲ್ಲಿಗೆ ಕರೆದುಕೊಂಡು ಹೋಗಬೇಕು?


ಮಂಡ್ಯ ಗೌಡ್ರು
12 ಆಗಸ್ಟ್, ಬೆಳಿಗ್ಗೆ 7:05

ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳಂಥವಳು ನಮ್ಮ ಮನೆಯಲ್ಲೂ ಇದ್ದಿದ್ದರೆ ಅನ್ನಿಸಿತು. ನಮ್ಮವಳು ಹನ್ನೊಂದು ಗಂಟೆಗೆ ಏಳುತ್ತಾಳೆ. ಕ್ಲಾಸ್ ಆನ್ ಮಾಡಿ ಮತ್ತೆ ಮಲಗುತ್ತಾಳೆ. ಕೈಯಲ್ಲಿ ಫೋನು, ಪಕ್ಕದಲ್ಲಿ ಚಿಪ್ಸು. ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಕೈ ತೊಳೆಯೋದು ಒಳ್ಳೇದೇ ಅಲ್ವಾ? ಶಾಲೆ ಶುರುವಾದರೆ ಎಲ್ಲ ಸರಿಹೋಗುತ್ತೆ. ಇದೇ 23ರಿಂದ ಒಂಬತ್ತರಿಂದ ಮೇಲಿನವರಿಗೆ ತೆರೆಯುತ್ತಾರಂತೆ.


ಆರೋಗ್ಯ ಕೇಂದ್ರದ ಸಿಸ್ಟರ್
12 ಆಗಸ್ಟ್, ಬೆಳಿಗ್ಗೆ 9:30

ಗೌಡ್ರೇ, ರಕ್ತ ಬರುವಷ್ಟು ತೊಳೆಯುವುದು ಒಳ್ಳೇದಲ್ಲ. ಸೋಪು ಹಾಕಿ 20 ಸೆಕೆಂಡ್ ಉಜ್ಜಿದರೆ ಮುಗಿಯಿತು. ಒಡೆದ ಚರ್ಮದಲ್ಲಿ ಸೋಂಕು ಇನ್ನೂ ಸುಲಭವಾಗಿ ಒಳಗೆ ಹೋಗುತ್ತದೆ.

ಅಕ್ಕಾ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ. ಎದೆ ಡವಡವ ಅನ್ನುವುದು, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು: ಇವು ಆತಂಕದಲ್ಲೂ ಬರುತ್ತವೆ, ರಕ್ತ ಕಡಿಮೆಯಾದರೂ ಬರುತ್ತವೆ. ಎರಡೂ ಸೇರಿದರೆ ಒಂದನ್ನೊಂದು ಹೆಚ್ಚಿಸುತ್ತವೆ. ಈ ವಯಸ್ಸಿನಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 54 ಮಂದಿಗೆ ರಕ್ತಹೀನತೆ ಇತ್ತು. ಅದು ಕೊರೊನಾಕ್ಕೂ ಮುಂಚಿನ ಮಾತು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರಲ್ಲ, ಕಬ್ಬಿಣಾಂಶದ್ದು? ಶಾಲೆ ಮುಚ್ಚಿದ ಮೇಲೆ ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಅದು ತಪ್ಪಿಹೋಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚಬೇಕಿತ್ತು. ಅವರೋ ಸರ್ವೆ, ಸೀಲ್‌ಡೌನ್, ಲಸಿಕೆ ಅಂತ ಓಡಾಡಿ ಬಸವಳಿದಿದ್ದರು.

ಪೀರಿಯಡ್ಸ್ ನಿಂತಿರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ ಕಡಿಮೆಯಾದಾಗ ದೇಹ ಮೊದಲು ಖರ್ಚು ಕಡಿತ ಮಾಡುವುದು ಅಲ್ಲೇ. ಚಿಂತೆಯೂ ಸೇರಿರಬಹುದು. ಡಾಕ್ಟರ್ ನೋಡಲೇಬೇಕು.

ಇನ್ನೊಂದು ಮಾತು. ತಣ್ಣೀರಿನಲ್ಲಿ ಕೈ ತೊಳೆದು ತಕ್ಷಣ ಆಕ್ಸಿಮೀಟರ್ ಹಾಕಿದರೆ ಸರಿಯಾಗಿ ತೋರಿಸುವುದಿಲ್ಲ. ಬೆರಳು ತಣ್ಣಗಿದ್ದರೆ ರಕ್ತದ ಓಟ ಕಡಿಮೆ, ಅಂಕಿ ಕೆಳಗಿಳಿದು ಕಾಣಬಹುದು. ಉಗುರು ಬಣ್ಣ ಇದ್ದರೂ ಅಷ್ಟೆ.


ತುಮಕೂರಿನ ಅಮ್ಮ
12 ಆಗಸ್ಟ್, ಬೆಳಿಗ್ಗೆ 10:10

ಸಿಸ್ಟರ್, ಇದನ್ನು ಓದಿ ಕೂತುಬಿಟ್ಟೆ. ಅವಳು ದಿನಾ ಮಾಡುವುದು ಅದನ್ನೇ. ತೊಳೆಯುತ್ತಾಳೆ, ತನ್ನ ಬೆರಳಿಗೂ ಹಾಕಿ ಅಳೆಯುತ್ತಾಳೆ, 92 ಬಂತು ಅಂತ ಮುಖ ಬಿಳಿಚಿಕೊಳ್ಳುತ್ತಾಳೆ, ಮತ್ತೆ ಹೋಗಿ ತೊಳೆಯುತ್ತಾಳೆ.


ಸೆಕೆಂಡ್ ಪಿಯು ಮುಗಿಸಿದವಳು
12 ಆಗಸ್ಟ್, ಮಧ್ಯಾಹ್ನ 1:15

ಆಂಟಿ, ನಾನು ಹದಿನೆಂಟು. ಇಲ್ಲಿ ಎಲ್ಲರೂ ದೊಡ್ಡವರು ಮಾತಾಡುತ್ತಿದ್ದೀರಿ, ನಾನೂ ಬರೆಯಲಾ?

ನನ್ನದು ಕೈ ತೊಳೆಯುವುದಲ್ಲ, ತೂಕ. ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆನ್ ಇಡಬೇಕಿತ್ತು. ದಿನಾ ಐದು ಗಂಟೆ ನನ್ನ ಮುಖವನ್ನೇ ನಾನು ನೋಡಿದೆ. ಕ್ಲಾಸ್‌ರೂಮಿನಲ್ಲಿ ಯಾರಾದರೂ ಕನ್ನಡಿ ಹಿಡಿದುಕೊಂಡು ಪಾಠ ಕೇಳುತ್ತಾರಾ? ಕೆನ್ನೆ ದಪ್ಪ ಕಾಣಿಸಿತು. ಅಲ್ಲಿಂದ ಶುರು. ತೂಕ ಇಳಿದಾಗ ಚಿಕ್ಕಮ್ಮ ‘ಲಾಕ್‌ಡೌನ್‌ನಲ್ಲಿ ಎಲ್ಲರೂ ಊದಿಕೊಂಡರು, ಇವಳನ್ನು ನೋಡಿ ಕಲೀರಿ’ ಅಂದರು. ಒಳ್ಳೆಯ ಹುಡುಗಿ ಅಂತ ಒಮ್ಮೆ ಹೆಸರು ಬಂದರೆ ಅದನ್ನು ಬಿಡಲಿಕ್ಕೆ ಆಗುವುದಿಲ್ಲ ಆಂಟಿ. ನಿಲ್ಲಿಸಿದರೆ ಸೋಮಾರಿ ಆಗ್ತೀನಿ ಅನ್ನಿಸುತ್ತಿತ್ತು.

ಎಕ್ಸಾಮ್ ರದ್ದಾದಾಗ ಎಲ್ಲರೂ ‘ನೀವು ಲಕ್ಕಿ’ ಅಂದರು. ಹತ್ತನೇ ಕ್ಲಾಸಿನ ಅಂಕಕ್ಕೆ 45, ಫಸ್ಟ್ ಪಿಯುಗೆ 45, ಈ ವರ್ಷದ್ದಕ್ಕೆ 10 ಅಂತ ಲೆಕ್ಕ ಹಾಕಿ ಪಾಸ್ ಮಾಡಿದರು. ಎರಡು ವರ್ಷ ಓದಿದ್ದನ್ನು ಎಲ್ಲಿ ಇಡಲಿ ಅಂತ ಗೊತ್ತಾಗಲಿಲ್ಲ. ಪರೀಕ್ಷೆ ಇದ್ದಾಗ ಭಯಕ್ಕೆ ಒಂದು ತಾರೀಖು ಇರುತ್ತಿತ್ತು. ಆಮೇಲೆ ಅದೂ ಇಲ್ಲ.

ನಿಮ್ಮ ಮಗಳು ಅಳದೆ ಇದ್ದದ್ದು ಧೈರ್ಯಕ್ಕಲ್ಲ ಅನ್ನಿಸುತ್ತದೆ. ನೀವು ಮಲಗಿದ್ದಿರಿ. ಅವಳೂ ಅತ್ತರೆ ಒಲೆ ಹಚ್ಚುವವರು ಯಾರು?


ಅಡ್ಮಿನ್
12 ಆಗಸ್ಟ್, ಮಧ್ಯಾಹ್ನ 2:00

‘ರೋಗನಿರೋಧಕ ಶಕ್ತಿ’ ಪುಡಿ ಮಾರುವ ಎರಡು ಪೋಸ್ಟ್ ತೆಗೆದಿದ್ದೇನೆ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಅಂದ ಒಂದನ್ನೂ.


ಹಾವೇರಿ ಟೀಚರ್
12 ಆಗಸ್ಟ್, ರಾತ್ರಿ 9:20

ಅಡ್ಮಿನ್ ತೆಗೆದ ಮೂರನೇ ಪೋಸ್ಟ್ ಬಗ್ಗೆಯೇ ನಾನು ಬರೆಯಬೇಕು ಅಂತಿದ್ದೆ.

ತುಮಕೂರಿನ ಅಕ್ಕಾರ ಸಂಕಟ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಇಪ್ಪತ್ತು ಸಲ ಕೈ ತೊಳೆಯೋಕೆ ನೀರೇ ಇಲ್ಲರೀ. ಸರಕಾರಿ ಪ್ರೌಢಶಾಲೆ ನಮ್ಮದು. ನನ್ನ ಹುಡುಗಿಯರ ಆತಂಕ ಬೇರೆ ಬಣ್ಣದ್ದು. ಮನೆಗೆ ಒಂದೇ ಫೋನು. ಅಪ್ಪ ಹೊಲದಿಂದ ಬರಬೇಕು, ಅಣ್ಣನ ಕ್ಲಾಸು ಮುಗಿಯಬೇಕು, ಆಮೇಲೆ ಇವಳದು. ರಾತ್ರಿ ಹತ್ತಕ್ಕೆ ‘ಟೀಚರ್, ಲೆಕ್ಕ ತಿಳೀಲಿಲ್ಲ’ ಅಂತ ಮೆಸೇಜ್ ಬರುತ್ತಿತ್ತು. ಉತ್ತರ ಕಳಿಸುವಷ್ಟರಲ್ಲಿ ಡೇಟಾ ಖಾಲಿ. ಚಂದನ ಟಿವಿಯಲ್ಲಿ ಸೇತುಬಂಧ ಪಾಠ ಬರುತ್ತಿತ್ತು, ನಿಜ. ಆ ಹೊತ್ತಿಗೆ ಕರೆಂಟು ಇರಬೇಕಲ್ಲ. ಹೋದ ವರ್ಷ ವಿದ್ಯಾಗಮ (ಟೀಚರ್‌ಗಳೇ ಮಕ್ಕಳಿರೋ ಕಡೆ ಹೋಗಿ ಪಾಠ ಮಾಡೋದು) ಶುರುವಾದಾಗ ಗುಡಿಯ ಕಟ್ಟೆ ಮೇಲೆ ಕೂತು ಪಾಠ ಮಾಡಿದೆವು. ಹುಡುಗಿಯರು ಅಲ್ಲಿಗೆ ಓಡಿಬರುತ್ತಿದ್ದರು. ಪಾಠಕ್ಕಿಂತ ಜಾಸ್ತಿ ಮನೆಯಿಂದ ಹೊರಬೀಳೋದಕ್ಕೆ. ಅಕ್ಟೋಬರಿನಲ್ಲಿ ಅದೂ ನಿಂತಿತು.

ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಕೊಟ್ಟರು. ಶಾಲೆಯಲ್ಲಿ ಅವಳ ತಟ್ಟೆ ಅವಳದು. ಮನೆಯಲ್ಲಿ ಅದು ಎಲ್ಲರ ಪಾತ್ರೆಗೆ ಹೋಯಿತು, ಅವಳು ಕೊನೆಗೆ ಉಂಡಳು. ಸರಕಾರ ಹುಡುಗಿಯರಿಗೆ ಪುಕ್ಕಟೆ ಕೊಡುತ್ತಿದ್ದ ಶುಚಿ ಯೋಜನೆಯ ಪ್ಯಾಡು ನಮ್ಮಲ್ಲಿ ಶಾಲೆ ಬಾಗಿಲಿನ ಜೊತೆಗೇ ನಿಂತಿತು. ಲಾಕ್‌ಡೌನ್ ಶುರುವಾದ ವಾರವೇ ಪ್ಯಾಡು ಅಗತ್ಯ ವಸ್ತು ಅಂತ ದಿಲ್ಲಿಯಿಂದ ಆದೇಶ ಬಂದಿತ್ತು. ಊರಿನ ಅಂಗಡಿಯಲ್ಲಿ ಸ್ಟಾಕ್ ಇರಬೇಕಲ್ಲ? ಇದ್ದರೂ ಕೂಲಿ ಇಲ್ಲದ ಮನೆಯಲ್ಲಿ 40 ರೂಪಾಯಿ ಕೇಳುವ ಹುಡುಗಿ ಯಾರು? ಮತ್ತೆ ಬಟ್ಟೆ. ಬಟ್ಟೆ ತಪ್ಪಲ್ಲ, ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿದರೆ ಆಯಿತು. ಆದರೆ ಅಪ್ಪ, ಅಣ್ಣ ಎಲ್ಲ ದಿನವಿಡೀ ಮನೆಯಲ್ಲೇ. ಬಿಸಿಲಿಗೆ ಎಲ್ಲಿ ಹಾಕೋದು? ಒಬ್ಬಳು ಮಂಚದ ಕೆಳಗೆ ಒಣಗಿಸಿ, ತುರಿಕೆಯಾಗಿ, ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ.

ಕೆಲವರು ಬೀಜದ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಕೈಯಿಂದ ಪರಾಗ ಹಚ್ಚೋ ಕೆಲಸಕ್ಕೆ, ಹೋದರು. ಬೆಳಿಗ್ಗೆಯಿಂದ ಹೂವು ಮುಟ್ಟೋ ಕೆಲಸ. ಅವರನ್ನು ನೋಡಿದರೆ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಹೆದರಿಕೆ ಆಗಿದ್ದು ಒಮ್ಮೆಲೇ ಸುಮ್ಮನಾದವರನ್ನು ನೋಡಿ. ಈ ಜೂನ್‌ನಲ್ಲಿ ಒಬ್ಬಳ ಗೆಳತಿ ಫೋನ್ ಮಾಡಿ ‘ಟೀಚರ್, ಅವಳಿಗೆ ಹೊಟ್ಟೆನೋವು, ದಿನಾ ವಾಂತಿ ಮಾಡ್ತಾಳೆ, ಬಂದು ನೋಡ್ರಿ’ ಅಂದಳು. ಹೋದೆ. ಹೊಟ್ಟೆನೋವಿನ ಕಾರಣ ಹಜಾರದಲ್ಲಿ ಕೂತಿತ್ತು. ಬೀಗರು ಬಂದಿದ್ದರು. ಹುಡುಗಿಗೆ ಹದಿನೈದು. ನಲವತ್ತು ಜನರೊಳಗೆ ಮದುವೆ ಮುಗಿದರೆ ಸಾಲ ಆಗೋದಿಲ್ಲ ಅನ್ನೋದು ಅಪ್ಪನ ಲೆಕ್ಕ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆ ನಿಂತಿತು. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ ಅಂತ ಅಧಿಕಾರಿ ಬಂದು ತಿಳಿಸಿ ಹೇಳಿದರು. ಅವಳ ವಾಂತಿ ನಾಲ್ಕು ದಿನದಲ್ಲಿ ನಿಂತಿತು, ಔಷಧ ಇಲ್ಲದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ.


ಮಂಡ್ಯ ಗೌಡ್ರು
12 ಆಗಸ್ಟ್, ರಾತ್ರಿ 10:05

ಟೀಚರಮ್ಮ, ಕೈ ಮುಗಿದೆ. ಬೆಳಿಗ್ಗೆ ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತಿದೆ. ಆದರೂ ಒಂದು ಕೇಳುತ್ತೇನೆ. ಎಲ್ಲದಕ್ಕೂ ಆತಂಕ, ಖಿನ್ನತೆ ಅಂತ ಹೆಸರಿಟ್ಟರೆ ಮಕ್ಕಳು ಅದನ್ನೇ ನೆಪ ಮಾಡಿಕೊಳ್ಳಲ್ವಾ?


ಆಪ್ತಸಮಾಲೋಚಕಿ
13 ಆಗಸ್ಟ್, ಬೆಳಿಗ್ಗೆ 8:45

ಗೌಡರ ಪ್ರಶ್ನೆ ನ್ಯಾಯವಾದದ್ದೇ. ನಾನು ಹದಿಹರೆಯದವರ ಜೊತೆ ಕೆಲಸ ಮಾಡುವವಳು. ಚಿಂತೆ ಎಲ್ಲರಿಗೂ ಇರುತ್ತದೆ, ಇರಬೇಕು ಕೂಡ. ಅದು ಊಟ, ನಿದ್ದೆ, ಓದು, ಸ್ನೇಹ ಇವುಗಳಲ್ಲಿ ಎರಡು ಮೂರನ್ನು ಕಿತ್ತುಕೊಂಡು ವಾರಗಟ್ಟಲೆ ಕೂತರೆ ಆಗ ನಾವು ನೋಡಬೇಕು. ಈ ವಾರವೇ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಲೆಕ್ಕ ಬಂದಿದೆ. ಬೇರೆ ಬೇರೆ ದೇಶಗಳ 29 ಅಧ್ಯಯನಗಳನ್ನು ಒಟ್ಟು ಹಾಕಿದ್ದಾರೆ, 80,879 ಮಕ್ಕಳು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ. ಹುಡುಗಿಯರಲ್ಲಿ ಜಾಸ್ತಿ. ಇಷ್ಟು ಜನ ಸೇರಿ ನೆಪ ಹೂಡುತ್ತಿಲ್ಲ.

ತುಮಕೂರಿನ ಅಮ್ಮನಿಗೆ: ನೋಡದೆ ಹೆಸರಿಡುವುದು ತಪ್ಪು. ಆದರೆ ನೀವು ಹೇಳಿದ್ದು ಗೀಳು ಕಾಯಿಲೆಯ (ಒಸಿಡಿ) ಹಾಗೆ ಕೇಳಿಸುತ್ತದೆ. ಅದು ಕೆಲಸ ಮಾಡುವ ರೀತಿ ಹೀಗೆ. ಭಯ ಬಂತು, ತೊಳೆದಳು, ಭಯ ಇಳಿಯಿತು. ತೊಳೆದದ್ದಕ್ಕೇ ಇಳಿಯಿತು ಅಂತ ಮನಸ್ಸು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಒಂದು ಸಲ ತೊಳೆದರೆ ಸಾಲದು. ಆಕ್ಸಿಮೀಟರ್ ಕೂಡ ಇದೇ ಸಾಲಿನದು. ‘ಅಮ್ಮ, ನಿಂಗೇನೂ ಆಗಲ್ಲ ಅಲ್ವಾ?’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳಾ? ಅದೂ ಇದೇ.

ಹಾಗಾಗಿ ನಲ್ಲಿ ಬಂದ್ ಮಾಡುವುದು, ಸೋಪು ಬಚ್ಚಿಡುವುದು ಬೇಡ. ಜಗಳವಷ್ಟೇ ಉಳಿಯುತ್ತದೆ. ‘ಏನೂ ಆಗಲ್ಲ ಪುಟ್ಟಾ’ ಅಂತ ಕೇಳಿದಾಗಲೆಲ್ಲ ಹೇಳುವುದೂ ಬೇಡ. ಕಷ್ಟ, ಗೊತ್ತು. ‘ಈಗ ಭಯ ಬಂದಿದೆ ಅಲ್ವಾ, ನಾನು ಪಕ್ಕದಲ್ಲಿ ಕೂತಿರ್ತೀನಿ’ ಅನ್ನಿ, ಅಷ್ಟು ಸಾಕು. ತೊಳೆಯುವುದನ್ನು ಎರಡು ನಿಮಿಷ ಮುಂದಕ್ಕೆ ಹಾಕುವುದು, ಆಮೇಲೆ ಐದು ನಿಮಿಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಚಿಕಿತ್ಸೆ ಇದೆ. ಅದನ್ನು ತರಬೇತಿ ಇರುವವರ ಜೊತೆಯೇ ಮಾಡಬೇಕು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಮಾತ್ರೆ ಅಂದರೆ ಹುಚ್ಚು ಅಂತಲ್ಲ.

ಊಟ ಬಿಟ್ಟು ಪೀರಿಯಡ್ಸ್ ನಿಂತಿರುವುದರಿಂದ ತಡ ಮಾಡಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೂ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಕೊರೊನಾದಲ್ಲಿ ದಿನ ಬದಲಾಗಿರಬಹುದು, ವಿಚಾರಿಸಿ. ಹದಿಹರೆಯದವರಿಗೇ ಅಂತ ಸ್ನೇಹ ಕ್ಲಿನಿಕ್‌ಗಳೂ ಇವೆ. ನಿಮ್ಹಾನ್ಸ್ ಸಹಾಯವಾಣಿಯ ನಂಬರ್ ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ‘ಬದುಕಿ ಏನು ಪ್ರಯೋಜನ’ ಅನ್ನುವಂಥ ಮಾತು ಬಂದರೆ ಆ ರಾತ್ರಿಯೇ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯಬೇಡಿ.

ಗೌಡ್ರೇ, ಹನ್ನೊಂದಕ್ಕೆ ಏಳುವ ನಿಮ್ಮ ಮಗಳ ಬಗ್ಗೆಯೂ ಒಂದು ಮಾತು. ಈ ವಯಸ್ಸಿನಲ್ಲಿ ನಿದ್ದೆಯ ಗಡಿಯಾರ ಹೇಗೂ ಹಿಂದೆ ಬೀಳುತ್ತದೆ. ಶಾಲೆಯ ಬೆಲ್ಲು, ಬಸ್ಸು, ಬೆಳಗಿನ ಬಿಸಿಲು ಅದನ್ನು ಎಳೆದು ಹಿಡಿದಿರುತ್ತಿದ್ದವು. ಆ ಮೂರೂ ಹೋದವು. ಬಾಗಿಲು ಹಾಕಿಕೊಳ್ಳುವುದನ್ನು ಗಮನಿಸಿ. ಎಲ್ಲ ಆತಂಕವೂ ಶಿಸ್ತಿನ ವೇಷದಲ್ಲಿ ಬರುವುದಿಲ್ಲ.


ಮಂಡ್ಯ ಗೌಡ್ರು
14 ಆಗಸ್ಟ್, ಬೆಳಿಗ್ಗೆ 6:30

ರಾತ್ರಿ ಕೂರಿಸಿಕೊಂಡು ಕೇಳಿದೆ. ‘ಏನಿಲ್ಲ ಅಪ್ಪ’ ಅಂದಳು. ಮೂರು ಸಲ ಕೇಳಿದರೂ ಅದೇ. ಏನು ಮಾಡಲಿ?


ಸೆಕೆಂಡ್ ಪಿಯು ಮುಗಿಸಿದವಳು
14 ಆಗಸ್ಟ್, ಬೆಳಿಗ್ಗೆ 10:50

ಅಂಕಲ್, ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಅದು ಹೆಡ್‌ಮಾಸ್ಟರ್ ರೂಮಿನ ಹಾಗೆ ಇರುತ್ತದೆ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಗದ್ದೆ ಕಡೆ ಹೋಗಿ. ಮುಖ ಕಾಣದಿದ್ದರೆ ಮಾತು ಬರುತ್ತದೆ. ಬರದಿದ್ದರೂ ಬಿಸಿಲು ಬೀಳುತ್ತದೆ. ಚಿಪ್ಸ್ ಬಗ್ಗೆ ಮಾತ್ರ ಏನೂ ಅನ್ನಬೇಡಿ, ಪ್ಲೀಸ್.


ತುಮಕೂರಿನ ಅಮ್ಮ
2 ಸೆಪ್ಟೆಂಬರ್ 2021, ಸಂಜೆ 6:15

ಹೋಗಿ ಬಂದೆವು. ಹಿಮೋಗ್ಲೋಬಿನ್ 9.4. ಥೈರಾಯ್ಡ್ ಸರಿ ಇದೆ. ದಿನಾ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ತಗೊಂಡ ಹೊತ್ತಿಗೆ ಕಾಫಿ, ಟೀ ಬೇಡ, ನಿಂಬೆಹಣ್ಣಿನ ಪಾನಕ ಒಳ್ಳೇದು ಅಂದರು. ಮಲ ಕಪ್ಪಗಾಗುತ್ತದೆ, ಹೆದರಬೇಡ ಅಂತ ಮೊದಲೇ ಹೇಳಿದ್ದು ಒಳ್ಳೇದಾಯಿತು. ಇಲ್ಲದಿದ್ದರೆ ಅದಕ್ಕೊಂದು ರಾತ್ರಿ ಜಾಗರಣೆ ಆಗುತ್ತಿತ್ತು.

ಮನೋವೈದ್ಯರ ಹತ್ತಿರ ಅವಳೊಬ್ಬಳೇ ಮಾತಾಡಿದಳು, ಮುಕ್ಕಾಲು ಗಂಟೆ. ಏನು ಅಂತ ನನಗೆ ಹೇಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ಮಾವ ಹೋಗಿ ನಾಲ್ಕು ತಿಂಗಳ ಮೇಲೆ.

ಮನೆಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಬೆಳಗಿನ ಅಡುಗೆ ಈಗ ಅವಳಪ್ಪನದು. ಮೊದಲ ವಾರ ಉಪ್ಪಿಟ್ಟು ಗಂಟು ಗಂಟು. ಅಜ್ಜಿಯ ಮಾತ್ರೆ ಡಬ್ಬಿ ತಮ್ಮನ ಪಾಲಿಗೆ. ಅತ್ತೆಯವರಿಗೆ ಒಂದು ಮಾತು ಹೇಳಬೇಕಿತ್ತು, ಹೆದರಿಕೊಂಡೇ ಹೇಳಿದೆ, ಇನ್ನು ಅವಳ ಕೈ ತೊಳೆಯುವುದನ್ನು ಹೊಗಳಬೇಡಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮಡಿ ಅಂದ್ರೆ ಒಂದ್ಸಲ ಉಟ್ಟರೆ ಮುಗೀತು ಕಣೆ, ಮುಗೀದೆ ಇರೋದು ಮಡಿ ಅಲ್ಲ’ ಅಂದರು.


ತುಮಕೂರಿನ ಅಮ್ಮ
6 ಜನವರಿ 2022, ರಾತ್ರಿ 8:00

ಹಳೇ ಥ್ರೆಡ್ ಎಬ್ಬಿಸುತ್ತಿದ್ದೇನೆ. ಈ ಸೋಮವಾರದಿಂದ 15ರಿಂದ 18ರವರಿಗೆ ಲಸಿಕೆ ಶುರುವಾಯಿತಲ್ಲ, ಇವತ್ತು ಇವಳಿಗೂ ಆಯಿತು. ಹಿಂದಿನ ದಿನ ಯಾರೋ ಆ ಹಳೇ ವಾಟ್ಸಾಪ್ ಮೆಸೇಜ್ ಕಳಿಸಿದ್ದರು. ಪೀರಿಯಡ್ಸಿನ ಐದು ದಿನ ಹಿಂದೆ ಮುಂದೆ ಲಸಿಕೆ ಬೇಡ ಅನ್ನೋದು. ಅದು ಸುಳ್ಳು ಅಂತ ಹೋದ ವರ್ಷ ಏಪ್ರಿಲ್‌ನಲ್ಲೇ ಸರಕಾರ ಹೇಳಿತ್ತು. ಅವಳೇ ಹುಡುಕಿ ತೆಗೆದು ಅವರಿಗೆ ವಾಪಸ್ ಕಳಿಸಿದಳು. ಹೌದು, ಡೇಟ್ ಆಗುತ್ತಿದೆ. ಎರಡು ತಿಂಗಳಿಂದ.

ಎಲ್ಲ ಸರಿಹೋಗಿದೆ ಅಂತಲ್ಲ. ಮೂರನೇ ಅಲೆ ಸುದ್ದಿ ಬಂದ ವಾರ ಗೆಣ್ಣು ಮತ್ತೆ ಕೆಂಪಗಾಗಿತ್ತು. ಊಟ ಇನ್ನೂ ಅಳೆದು ತೂಗಿ. ಆದರೆ ಮೊನ್ನೆ ಅಜ್ಜಿಯ ಧಾರಾವಾಹಿ ಹೊತ್ತಿಗೆ ರಿಮೋಟಿನ ಸೆಲ್ ಖಾಲಿಯಾಯಿತು. ಇವಳು ಎದ್ದು ಹೋಗಿ ಆಕ್ಸಿಮೀಟರಿನ ಎರಡು ಸೆಲ್ ಕಿತ್ತು ತಂದು ಹಾಕಿದಳು. ನಾನು ನೋಡದವಳ ಹಾಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ.


ಮಂಡ್ಯ ಗೌಡ್ರು
6 ಜನವರಿ 2022, ರಾತ್ರಿ 9:10

ಸಂತೋಷ ಆಯಿತು ಅಕ್ಕಾ. ನಮ್ಮವಳು ಈಗ ಒಂಬತ್ತಕ್ಕೆ ಏಳುತ್ತಾಳೆ. ಬೈಕು ಅವಳೇ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾಳೆ, ಲೈಸೆನ್ಸ್ ಇಲ್ಲ ಅಂತ ಬೈದಿದ್ದೇನೆ.


ಹೊಸಬಳು
19 ಅಕ್ಟೋಬರ್ 2023, ರಾತ್ರಿ 10:30

ನಿಮ್ಮೆಲ್ಲರ ಮಾತು ಈಗ ಓದಿದೆ. ಕೊರೊನಾ ಹೋಗಿ ಎಷ್ಟೋ ಆಯಿತು. ಆದರೆ ನನ್ನ ತಂಗಿಗೆ ಶುರುವಾದದ್ದು ಆಗಲೇ. ಈಗ ಫಸ್ಟ್ ಪಿಯು. ಮಾಸ್ಕ್ ತೆಗೆಯುವುದಿಲ್ಲ, ಕಾಲೇಜಿನಲ್ಲಿ ಯಾರ ಎದುರಿಗೂ ತಿನ್ನುವುದಿಲ್ಲ. ಡಬ್ಬಿ ಹಾಗೇ ವಾಪಸ್ ಬರುತ್ತದೆ. ಇನ್‌ಬಾಕ್ಸ್‌ಗೆ ಹಾಕಿದ ಆ ನಂಬರ್ ನನಗೂ ಸಿಗಬಹುದಾ?


ಆಪ್ತಸಮಾಲೋಚಕಿ
20 ಅಕ್ಟೋಬರ್ 2023, ಬೆಳಿಗ್ಗೆ 7:50

ಈಗ ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ಹೋದ ವರ್ಷ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾಡಿ. ತಂಗಿಯನ್ನು ಒತ್ತಾಯ ಮಾಡುವುದು ಬೇಡ, ನೀವು ಮಾತಾಡುವಾಗ ಪಕ್ಕದಲ್ಲಿದ್ದರೆ ಸಾಕು.


ಹೊಸಬಳು
22 ಅಕ್ಟೋಬರ್ 2023, ಸಂಜೆ 5:40

ಮಾಡಿದೆ. ಸ್ಪೀಕರ್‌ನಲ್ಲಿ ಇಟ್ಟಿದ್ದೆ. ಅವಳು ಬಟ್ಟೆ ಮಡಚುತ್ತಿದ್ದಳು. ಅರ್ಧದಲ್ಲಿ ‘ಹಂಗಲ್ಲ ಅಕ್ಕ, ಕೊಡಿಲ್ಲಿ’ ಅಂತ ಫೋನ್ ಇಸ್ಕೊಂಡು ಒಳಗೆ ಹೋದಳು.